ಕೂದಲೆಳೆ ಅಕ್ಕನ ಖಾಲಿ ಖಾನೆಗಳು

ಕೂದಲೆಳೆ ಅಕ್ಕ ಎಂದು ಅವಳಿಗೆ ಹೆಸರಿಟ್ಟವನು ಯಂತ್ರದ ಅಂಗಳದ ಮೇಸ್ತ್ರಿ. ಸೀಸೆ ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಅವಳು ಔಷಧದ ಸೀಸೆಯೊಂದನ್ನು ಹಿಡಿದು ಅವನೆದುರು ನಿಂತು, "ಮೇಸ್ತ್ರಿ, ಇದರ ಕತ್ತು ಒಂದು ಕೂದಲೆಳೆಯಷ್ಟು ಜಾಸ್ತಿ ದಪ್ಪ ಇದೆ" ಅಂದಿದ್ದಳು. ಕುಲುಮೆಯ ಕಾವಿಗೆ ಕೆಂಪಾದ ಮುಖ ಒರೆಸಿಕೊಳ್ಳುತ್ತ ಅವನು, "ಯಾರ ಕೂದಲು ತಾಯಿ? ನಂದಾದ್ರೆ ಅಳೆಯೋಕೆ ಒಂದೂ ಉಳಿದಿಲ್ಲ" ಎಂದು ಬೋಳುತಲೆ ತಟ್ಟಿಕೊಂಡ. ಪಾಳಿಗೆ ಪಾಳಿಯೇ ನಕ್ಕಿತು. ಹೆಸರು ನಿಂತುಬಿಟ್ಟಿತು. ಇದಾಗಿ ಇಪ್ಪತ್ತೆರಡು ವರ್ಷ.

ಅಂಗಳದ ತುದಿಯಲ್ಲಿ, ಗಾಜಿನ ಕಿಟಕಿಯ ಹಿಂದೆ, ಅವಳ ಅಳತೆಯ ಕೋಣೆ. ಒಂದು ಮೇಜು, ಮೇಜಿನ ಮೇಲೆ ಹಸಿರು ಉಣ್ಣೆಬಟ್ಟೆ, ಮರದ ಪೆಟ್ಟಿಗೆಯಲ್ಲಿ ಉಕ್ಕಿನ ವರ್ನಿಯರ್, ಮೂಲೆಯಲ್ಲಿ ಮೂರು ತಿಂಗಳ ಹಿಂದೆ ಬಂದ ಕಂಪ್ಯೂಟರ್. ಯಂತ್ರಕ್ಕೆ ಎಂಟು ಅಚ್ಚು. ಗಂಟೆಗೊಮ್ಮೆ ಅಚ್ಚಿಗೆ ಒಂದರಂತೆ ಎಂಟು ಸೀಸೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ಅಳೆಯುವುದು ಅವಳ ಕೆಲಸ. ಸೀಸೆಯ ತಳದಲ್ಲಿ ಅಚ್ಚಿನ ಸಂಖ್ಯೆ ಉಬ್ಬಿರುತ್ತದೆ; ಅದನ್ನು ಅವಳ ಹೆಬ್ಬೆರಳು ನೋಡದೆಯೇ ಓದುತ್ತಿತ್ತು. ಆಮೇಲೆ ವರ್ನಿಯರಿನ ದವಡೆಯ ನಡುವೆ ಸೀಸೆಯ ಕತ್ತು, ಒಂದು ಕ್ಷಣ ಬಿಗಿಹಿಡಿದ ಉಸಿರು. ಜಾರುಪಟ್ಟಿಯ ಐವತ್ತು ಪುಟ್ಟ ಗೆರೆಗಳಲ್ಲಿ ಯಾವುದೋ ಒಂದು ಮಾತ್ರ ಮೇಲಿನ ಗೆರೆಗೆ ನೇರವಾಗಿ ನಿಲ್ಲುತ್ತದೆ. ಆ ಒಂದನ್ನು ಹುಡುಕಿ ಬರೆದುಕೊಳ್ಳಬೇಕು. ಇಪ್ಪತ್ತು ಮಿಲಿಮೀಟರ್ ಸರಿಯಾದ ಅಳತೆ. ಇಪ್ಪತ್ತು ಬಿಂದು ಎರಡು ಸೊನ್ನೆ ದಾಟಿದರೆ ಮುಚ್ಚಳ ಕೂರುವುದಿಲ್ಲ, ಅಂಥದ್ದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು.

ಅಳತೆಯ ಪಕ್ಕ ಅಚ್ಚಿನ ಸಂಖ್ಯೆಯನ್ನೂ ಬರೆಯುವುದು ಅವಳದೇ ರೂಢಿ. ಯಾರೂ ಹೇಳಿರಲಿಲ್ಲ. ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೇಳುತ್ತಿದ್ದರು: "ಕಾಣದ್ದನ್ನ ಕಂಡೆ ಅನ್ನಬೇಡ ಮಗಳೇ, ಕಂಡದ್ದನ್ನ ಬಿಡಬೇಡ." ಹತ್ತನೇ ತರಗತಿಗೇ ಓದು ನಿಂತ ಹುಡುಗಿಗೆ ಅಪ್ಪ ಕೊಟ್ಟ ಆಸ್ತಿ ಅದೊಂದೇ ಮಾತು. ಸಂಖ್ಯೆ ಕಂಡಿತಲ್ಲ, ಅದಕ್ಕೇ ಬರೆಯುತ್ತಿದ್ದಳು.

ಕಂಪ್ಯೂಟರ್ ಬಂದ ಮೇಲೆ ಪಾಳಿ ಮುಗಿಯುವ ಮುನ್ನ ಪುಸ್ತಕದ ಅಂಕಿಗಳನ್ನು ಒಂದೇ ಬೆರಳಲ್ಲಿ ಅದರೊಳಗೆ ಕುಟ್ಟುವುದೂ ಅವಳ ಪಾಲಿಗೆ ಬಂತು. ಕಲಿಸಿದವನು ಹೊಸ ಇಂಜಿನಿಯರ್. ಮೀಸೆ ಇನ್ನೂ ಪೂರ್ತಿ ಒಪ್ಪಿಕೊಳ್ಳದ ಮುಖ, ಚುರುಕು ತಲೆ, ನಡೆದರೆ ಓಡಿದ ಹಾಗೆ. ಅಂಕಿಗಳನ್ನು ತಿಂದು ಚಿತ್ರ ಕೊಡುವ ಸಾಫ್ಟ್‌ವೇರ್ ಅದು. ಚಿತ್ರದ ಗುಂಡಿಯನ್ನು ಅವಳು ಯಾವತ್ತೂ ಮುಟ್ಟಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಮ್ಯಾನೇಜರ್ ಮೇಡಂ ಕೋಣೆಯಿಂದ ಕರೆ ಬಂತು. ಒಳಗೆ ಇಂಜಿನಿಯರ್ ನಿಂತಿದ್ದ. ಮೇಜಿನ ಮೇಲೆ ಒಂದು ಚಿತ್ರ ಇತ್ತು: ಸಾಲಾಗಿ ನಿಂತ ಕಂಬಗಳು, ಮೂರು ಕಂಬಕ್ಕೊಂದು ಖಾಲಿ ಜಾಗ, ಮತ್ತೆ ಮೂರು ಕಂಬ, ಮತ್ತೆ ಖಾಲಿ. ಹಲ್ಲು ಮುರಿದ ಬಾಚಣಿಗೆಯನ್ನು ನಿಲ್ಲಿಸಿಟ್ಟ ಹಾಗೆ.

"ಔಷಧದ ಕಂಪನಿಯವರು ಸೀಸೆ ವಾಪಸ್ ಕಳಿಸಿದಾರೆ, ಗೊತ್ತಲ್ವಾ?" ಮೇಡಂ ಕೇಳಿದರು. "ಮುಚ್ಚಳ ಸಿಕ್ಕಿಹಾಕಿಕೊಳ್ತಿದೆ ಅಂತ. ನಿಮ್ಮ ಅಂಕಿ ನೋಡಿದ್ರೆ ಹೆಚ್ಚುಕಡಿಮೆ ಎಲ್ಲಾ ಸರಿ ಇದೆ. ಅದು ಹ್ಯಾಗೆ ಅಂತ ಇವರು ಚಿತ್ರ ಬರೆಸಿ ನೋಡಿದರು."

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಇದು ಹಿಸ್ಟೋಗ್ರಾಮ್. ನೀವು ಅಳೆದಿರೋ ನಾಲ್ಕು ಸಾವಿರದ ಎಂಟುನೂರು ಅಂಕಿಗಳನ್ನ ಖಾನೆ ಖಾನೆಯಾಗಿ ವಿಂಗಡಿಸಿದೆ. ಒಂದೊಂದು ಖಾನೆಗೆ ಎಷ್ಟು ಬಿತ್ತೋ ಅಷ್ಟೆತ್ತರ ಕಂಬ. ನಿಜವಾಗಿ ಅಳೆದಿದ್ರೆ ಗುಡ್ಡದ ಥರ ಬರಬೇಕು. ಹೀಗೆ ನಡುನಡುವೆ ಖಾಲಿ ಬರಲ್ಲ."

"ಮತ್ತೆ ಯಾಕೆ ಬಂದಿದೆ ಸರ್?"

ಅವನು ಅವಳ ಮುಖ ನೋಡಲಿಲ್ಲ. "ಕೂತ ಜಾಗದಲ್ಲೇ ಅಂಕಿ ಕಟ್ಟಿದ್ರೆ ಹೀಗೆ ಬರುತ್ತೆ. ಮನುಷ್ಯರಿಗೆ ಕೆಲವು ಅಂಕಿ ಇಷ್ಟ, ಅವನ್ನೇ ಬರೀತಾರೆ. ಕೆಲವು ನೆನಪೇ ಆಗಲ್ಲ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಾನು ಅಳೆಯದೆ ಬರೆದಿದ್ದೇನೆ ಅನ್ನುತ್ತಿದ್ದಾನೆ!

"ಶನಿವಾರ ಕಂಪನಿಯವರು ಬರ್ತಾರೆ" ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅಷ್ಟರೊಳಗೆ ಇದಕ್ಕೆ ನೀವು ಕಾರಣ ಹೇಳಬೇಕು. ಇಲ್ಲಾಂದ್ರೆ ಸುಳ್ಳು ಅಳತೆ ಅಂತ ನಾನು ಬರೆದುಕೊಡಲೇಬೇಕಾಗುತ್ತೆ. ಆಗ ಸೋಮವಾರದಿಂದ ನೀವು ಪ್ಯಾಕಿಂಗ್‌ಗೆ ಹೋಗಬೇಕಾಗುತ್ತೆ."

ಪ್ಯಾಕಿಂಗ್ ಕೆಲಸ ಕೀಳೆಂದು ಅವಳಿಗೆ ಅನಿಸಿರಲಿಲ್ಲ. ಆದರೆ 'ಸುಳ್ಳು ಅಳತೆ' ಎಂಬ ಎರಡು ಪದ ತನ್ನ ಇಪ್ಪತ್ತೆರಡು ವರ್ಷದ ಮೇಲೆ ಕೂರುತ್ತದಲ್ಲ. ಆ ಚಿತ್ರದ ಒಂದು ಪ್ರತಿ ಕೊಡಿ ಎಂದಷ್ಟೇ ಕೇಳಿ, ಮಡಿಸಿ ಚೀಲಕ್ಕಿಟ್ಟುಕೊಂಡಳು.

ಗಂಡ ಲಾರಿಯ ಜೊತೆ ದೂರದ ಹಾದಿಯಲ್ಲಿದ್ದ. ಮನೆಗೆ ಬರಲು ಇನ್ನೂ ನಾಲ್ಕು ದಿನ. ಮನೆಯಲ್ಲಿ ಇದ್ದವಳು ನಾದಿನಿ, ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಕೆಲಸ, ನಾಲಿಗೆ ಉಳಿಗಿಂತ ಚೂಪು. ಸಂಜೆ ಅಕ್ಕ ಅಡುಗೆಮನೆಯ ದೀಪದ ಕೆಳಗೆ ಆ ಹಾಳೆ ಹರಡಿದಾಗ ನಾದಿನಿ ಮೊದಲು ಮಾಡಿದ್ದು ಇಂಜಿನಿಯರನ ಏಳು ತಲೆಮಾರನ್ನು ಬೈದದ್ದು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರಂತೆ. ಮುಚ್ಚಳ ಕೂರದಿದ್ರೆ ಅಳೆಯೋಳೇನು ಮಾಡ್ತಾಳೆ? ನೀನಾದ್ರೂ ಬಾಯಿಬಿಡಬಾರದಿತ್ತಾ ಅತ್ತಿಗೆ?"

"ಏನಂತ ಬಿಡ್ಲಿ? ಖಾಲಿ ಇರೋದು ನಿಜ ತಾನೆ. ನಾ ಬರೆದ ಅಂಕಿನೇ ಅವು."

ನಾದಿನಿ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ಖಾಲಿ ಜಾಗಗಳ ಮೇಲೆ ಬೆರಳಾಡಿಸಿದಳು. ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು. "ನಮ್ಮಂಗಡಿ ಕಪಾಟಿದ್ದ ಹಾಗೇ ಇದೆ ನೋಡು. ಹೋದ ವರ್ಷ ಯಜಮಾನ ಹೊಸ ಕಪಾಟು ಮಾಡಿಸಿದ. ಬಡಗಿ ಏನು ಮಾಡಿದ ಗೊತ್ತಾ? ಆರು, ಆರೂವರೆ, ಏಳು, ಏಳೂವರೆ ಅಂತ ಅರ್ಧರ್ಧಕ್ಕೊಂದು ಗೂಡು ಮಾಡಿ ಚೀಟಿ ಅಂಟಿಸಿದ. ನಮಗೆ ಬರೋ ಚಪ್ಪಲಿ ಎಲ್ಲಾ ಆರು, ಏಳು, ಎಂಟು. ಅರ್ಧದ ಗೂಡು ಯಾವತ್ತೂ ಖಾಲಿ. ಯಜಮಾನ ಒಂದಿನ ಬಂದು, ಇದರಲ್ಲಿದ್ದ ಮಾಲು ಯಾರು ಕದ್ದರು ಅಂತ ನನ್ನ ಮೇಲೇ ಹಾರಾಡಿದ! ಅಲ್ಲಾ ಸ್ವಾಮಿ, ಅರ್ಧದ ಚಪ್ಪಲಿ ಹುಟ್ಟೇ ಇಲ್ಲ, ಕದಿಯೋದೇನನ್ನ ಅಂದೆ."

ಅಕ್ಕನ ಕೈಯ ಲೋಟ ಗಾಳಿಯಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳು."

"ಏನನ್ನ? ಕದಿಯೋದನ್ನಾ?"

"ಹುಟ್ಟೇ ಇಲ್ಲ ಅಂದೆಯಲ್ಲ, ಅದನ್ನ."

ಶುಕ್ರವಾರ ಪಾಳಿಗೆ ಒಂದು ಗಂಟೆ ಮೊದಲೇ ಅವಳು ಅಳತೆಯ ಕೋಣೆಯಲ್ಲಿದ್ದಳು. ಬೆಳಗಿನ ಬಿಸಿಲು ಕಿಟಕಿಯ ಗಾಜಿನಿಂದ ಇಳಿದು ಹಸಿರು ಬಟ್ಟೆಯ ಮೇಲೆ ಒಂದು ಚೌಕ ಬರೆದಿತ್ತು. ಪುಸ್ತಕ ತೆರೆದು ಕೊನೆಯ ಅಂಕಿಯನ್ನಷ್ಟೇ ನೋಡುತ್ತ ಹೋದಳು. ಎರಡು, ಆರು, ಸೊನ್ನೆ, ನಾಲ್ಕು, ಎಂಟು, ಎರಡು. ಹಾಳೆ ತಿರುವಿದರೂ ಅಷ್ಟೇ. ಒಂದಿಲ್ಲ, ಮೂರಿಲ್ಲ. ತನಗೆ ಉಸಿರಿನಷ್ಟು ಅಭ್ಯಾಸವಾದ ಸಂಗತಿ. ಅದಕ್ಕೇ ಹೇಳಬೇಕೆಂದು ಹೊಳೆದಿರಲೇ ಇಲ್ಲ. ಅವಳ ವರ್ನಿಯರಿನ ಒಂದೊಂದು ಹೆಜ್ಜೆಯೂ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ. ಎರಡೆರಡು ಮೆಟ್ಟಿಲು ಹಾರಿ ಹತ್ತುವವನ ಹೆಜ್ಜೆ ನಡುವಿನ ಮೆಟ್ಟಿಲ ಮೇಲೆ ಬೀಳುವುದೆಂತು?

ಕಂಪ್ಯೂಟರ್ ಹಚ್ಚಿ, ದೇವರೇ ಗತಿ ಎಂದು ಚಿತ್ರದ ಗುಂಡಿ ಒತ್ತಿದಳು. ಅದೇ ಮುರುಕು ಬಾಚಣಿಗೆ ಎದ್ದು ನಿಂತಿತು. ಪಕ್ಕದಲ್ಲೊಂದು ಪುಟ್ಟ ಪಟ್ಟಿ, ಅದರಲ್ಲಿ ಖಾನೆಯ ಅಗಲ: ನೂರರಲ್ಲಿ ಒಂದೂವರೆ. ಸಾಫ್ಟ್‌ವೇರ್ ತಾನೇ ಆರಿಸಿಕೊಂಡ ಅಗಲ. ಬಡಗಿ ತನ್ನ ಮನಸ್ಸಿಗೆ ಬಂದಂತೆ ಗೂಡು ಮಾಡಿದ್ದ. ಒಂದೂವರೆಯ ನಾಲ್ಕು ಖಾನೆ ಸೇರಿದರೆ ಆರು. ಆ ಆರರೊಳಗೆ ಅವಳ ಅಂಕಿ ಇರುವುದು ಮೂರೇ. ನಾಲ್ಕನೆಯದು ಖಾಲಿ ಇರದೆ ಇನ್ನೇನು!

ಒಂದೇ ಬೆರಳಲ್ಲಿ ಅದನ್ನು ಅಳಿಸಿ ಎರಡು ಎಂದು ಕುಟ್ಟಿದಳು. ಖಾಲಿ ಜಾಗ ಮಾಯವಾಯಿತು. ಆದರೆ ಕಂಬಗಳು ಕುಡಿದವರಂತೆ ತೂರಾಡಿದವು, ಒಂದು ಉದ್ದ, ಪಕ್ಕದ್ದು ಗಿಡ್ಡ. ಹಿಗ್ಗು ಅಲ್ಲೇ ಅರ್ಧ ಇಂಗಿತು. ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಖಾನೆಗಳ ಗೋಡೆ ಎಲ್ಲಿದೆ? ಹತ್ತೊಂಬತ್ತು ಬಿಂದು ಎಂಟು ಸೊನ್ನೆ, ಎಂಟು ಎರಡು, ಎಂಟು ನಾಲ್ಕು. ಅವಳ ಅಂಕಿಗಳೂ ಅವೇ. ಒಂದೊಂದು ಅಂಕಿಯೂ ಅಡ್ಡಗೋಡೆಯ ಮೇಲಿಟ್ಟ ದೀಪದಂತೆ ಕೂತಿತ್ತು, ಈ ಮನೆಯದೋ ಆ ಮನೆಯದೋ ಕಂಪ್ಯೂಟರಿಗೂ ತಿಳಿಯದೆ ಒಮ್ಮೆ ಇಲ್ಲಿಗೆ ಒಮ್ಮೆ ಅಲ್ಲಿಗೆ ತಳ್ಳುತ್ತಿತ್ತು. ಗೋಡೆಯನ್ನೇ ಸರಿಸಬೇಕು. 'ಆರಂಭ' ಎಂದಿದ್ದ ಕಡೆ ಹತ್ತೊಂಬತ್ತು ಬಿಂದು ಏಳು ಒಂಬತ್ತು ಎಂದು ಬರೆದಳು. ಈಗ ಪ್ರತಿ ಅಂಕಿಯೂ ತನ್ನ ಮನೆಯ ನಟ್ಟನಡುವೆ.

ಪರದೆಯ ಮೇಲೆ ಒಂದು ಗುಡ್ಡ ಎದ್ದಿತು. ನುಣ್ಣಗೆ, ಎರಡೂ ಕಡೆ ಇಳಿಜಾರಾಗಿ. ಕಣ್ಣು ಮಂಜಾಯಿತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದಳು. ಗುಡ್ಡ ಅಲ್ಲೇ ಇತ್ತು.

ಓಡಿದ ಹಾಗೆ ನಡೆಯುತ್ತ ಬಂದ ಇಂಜಿನಿಯರನನ್ನು ಬಾಗಿಲಲ್ಲೇ ತಡೆದಳು. ಅವನ ಕೈಗೆ ವರ್ನಿಯರ್ ಕೊಟ್ಟಳು, ಒಂದು ಸೀಸೆ ಕೊಟ್ಟಳು.

"ಸರ್, ಇದರಲ್ಲಿ ಒಂದು ಬೆಸ ಅಂಕಿ ಓದಿ ತೋರಿಸಿ."

"ಅಂದ್ರೆ?"

"ಕೊನೇಲಿ ಒಂದೋ ಮೂರೋ ಐದೋ ಬರೋ ಹಾಗೆ. ಒಂದೇ ಒಂದು ಸಾಕು. ಬಂದ್ರೆ ಇವತ್ತೇ ಪ್ಯಾಕಿಂಗ್‌ಗೆ ಹೋಗ್ತೀನಿ."

ಅವನು ಓದಿದ ಕಾಲೇಜಿನಲ್ಲಿ ಇದ್ದದ್ದು ಅಂಕಿಯನ್ನು ತಾನೇ ಬೆಳಗಿಸಿ ತೋರಿಸುವ ಅಳತೆಗೋಲು. ಗೆರೆ ಓದುವ ಪ್ರಮೇಯ ಅವನಿಗೆ ಬಂದಿರಲಿಲ್ಲ. ಸೀಸೆ ತಿರುಗಿಸಿದ, ಒಂದು ಕಣ್ಣು ಮುಚ್ಚಿದ, ಕಿಟಕಿಯ ಬಳಿ ಹೋದ. ಅಷ್ಟರಲ್ಲಿ ಮೇಸ್ತ್ರಿ ಬಾಗಿಲಿಗೆ ಬಂದು ನಿಂತಿದ್ದ.

"ಏನು ಸರ್, ಸೀಸೆಗೆ ದೃಷ್ಟಿ ತೆಗೀತಿದೀರಾ?"

ಇಂಜಿನಿಯರನಿಗೆ ನಗು ಬರಲಿಲ್ಲ. ಗೆರೆಗಳನ್ನು ಬೆರಳಿಟ್ಟು ಎಣಿಸಿದ. ಐವತ್ತು. ಅವನ ಕಿವಿ ನಿಧಾನಕ್ಕೆ ಕೆಂಪಾದವು.

"ಇದು ಎರಡೆರಡೇ ಓದೋದು."

"ಹೌದು ಸರ್. ಬೆಸ ಅಂಕಿ ಅಂದ್ರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ. ನೀವು ಒಂದೂವರೆಯ ಖಾನೆ ಮಾಡಿ ಕೂರಿಸಿದ್ರಿ." ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. "ಎರಡರದ್ದು ಮಾಡಿ ನೋಡಿ. ಗೋಡೆ ಒಂದು ಚೂರು ಆಚೆಗೆ ಸರಿಸಿದೀನಿ."

ಅವನು ಕುರ್ಚಿಯ ಮೇಲೆ ಕುಸಿದ ಹಾಗೆ ಕೂತ. ಗುಡ್ಡವನ್ನು ನೋಡಿದ, ಆರಂಭದ ಅಂಕಿಯನ್ನು ನೋಡಿದ, ಅವಳನ್ನು ನೋಡಿದ. "ಅಕ್ಕಾ, ಖಾನೆಯ ಅಗಲ ನಾನು ನೋಡ್ಲೇ ಇಲ್ಲ. ಅದು ಕೊಟ್ಟದ್ದನ್ನೇ ತಗೊಂಡೆ. ತಪ್ಪು ನಂದು. ಮೇಡಂ ಹತ್ರ ನಾನೇ ಹೋಗಿ ಹೇಳ್ತೀನಿ."

ಎದ್ದವನು ಮತ್ತೆ ಕೂತ. ಪರದೆಗೆ ಮೂಗು ತಾಗುವಷ್ಟು ಬಾಗಿ ಗುಡ್ಡದ ಬಲಗಡೆ ಬೆರಳಿಟ್ಟ. "ಇದೇನಿದು ಪಕ್ಕದಲ್ಲಿ ಮರಿ?"

ಅವಳು ಗುಡ್ಡ ನೋಡಿದ ಹಿಗ್ಗಿನಲ್ಲಿ ಅದನ್ನು ಗಮನಿಸಿರಲಿಲ್ಲ. ದೊಡ್ಡ ಗುಡ್ಡ ಇಪ್ಪತ್ತರ ಮೇಲೆ ನಿಂತಿತ್ತು, ಇಳಿಜಾರು ಇನ್ನೇನು ನೆಲ ಮುಟ್ಟಬೇಕು ಅನ್ನುವಲ್ಲಿ ಮತ್ತೆ ಏರಿ, ಇಪ್ಪತ್ತು ಬಿಂದು ಒಂದು ಆರರ ಹತ್ತಿರ ಒಂದು ಚಿಕ್ಕ ದಿಬ್ಬ. ಮುರುಕು ಹಲ್ಲುಗಳ ಗದ್ದಲದಲ್ಲಿ ನಿನ್ನೆ ಯಾರಿಗೂ ಕಾಣದ ದಿಬ್ಬ.

ಅವಳು ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡಳು. "ಸರ್, ಅಚ್ಚಿನ ಪ್ರಕಾರ ಬೇರೆಬೇರೆ ಮಾಡೋಕೆ ಆಗುತ್ತಾ?"

"ಅಚ್ಚಿನದ್ದು ಅಂಕಿ ಎಲ್ಲಿದೆ?"

"ಅಳತೆ ಪಕ್ಕದಲ್ಲೇ ಇದೆಯಲ್ಲ."

ಮೂರು ತಿಂಗಳು ಅವಳು ಪ್ರತಿದಿನ ಕುಟ್ಟಿ ತುಂಬಿದ ಆ ಸಾಲನ್ನು ಅವನು ಈವತ್ತೇ ನೋಡಿದ್ದು. ಈಗ ಅವನ ಬೆರಳು ಓಡಿದವು. ಎಂಟು ಚಿತ್ರ ಒಂದರ ಕೆಳಗೊಂದು ಇಳಿದವು. ಒಂದರಿಂದ ಆರು, ಎಲ್ಲವೂ ಇಪ್ಪತ್ತರ ಮೇಲೆ ಕೂತ ಅಚ್ಚುಕಟ್ಟಾದ ಗುಡ್ಡ. ಎಂಟನೆಯದೂ ಹಾಗೆಯೇ. ಏಳನೆಯದೊಂದು ಮಾತ್ರ ತನ್ನ ಬಳಗ ಬಿಟ್ಟು ಬಲಕ್ಕೆ ಸರಿದು, ಬಾಲವನ್ನು ಗಡಿಯಾಚೆ ಚಾಚಿ ನಿಂತಿತ್ತು.

ಅವಳು ಪುಸ್ತಕ ತಿರುವಿದಳು. ಮೂರು ತಿಂಗಳಲ್ಲಿ ಕೆಂಪು ಶಾಯಿಯ ಅಂಕಿ ಹತ್ತೊಂಬತ್ತು. ಪ್ರತಿ ಸಲವೂ ಮೇಸ್ತ್ರಿಗೆ ಅಳತೆಯನ್ನಷ್ಟೇ ಬರೆದು ಚೀಟಿ ಕಳಿಸಿದ್ದಳು. ಪ್ರತಿ ಸಲವೂ ಅವನು ಮುಂದಿನ ನಾಲ್ಕು ಸೀಸೆ ನೋಡಿ, ಸರಿ ಇದ್ದವು ಎಂದು, ಎಲ್ಲೋ ಒಂದು ಹೆಚ್ಚುಕಡಿಮೆ ಎಂದು ಬಿಟ್ಟಿದ್ದ. ಹತ್ತೊಂಬತ್ತರ ಪಕ್ಕದ ಸಂಖ್ಯೆಗಳನ್ನು ಅವಳು ಗಟ್ಟಿಯಾಗಿ ಓದುತ್ತ ಹೋದಳು. "ಏಳು. ಏಳು. ಏಳು." ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಏಳು.

ಮೇಸ್ತ್ರಿಯ ಮುಖದಿಂದ ತಮಾಷೆ ಇಳಿದುಹೋಯಿತು. "ಅದರ ಕತ್ತು ಸವೆದಿದೆ" ಅಂದ ಮೆಲ್ಲಗೆ. "ನಾನು ಪಕ್ಕದ ಅಚ್ಚಿನ ಸೀಸೆ ನೋಡಿ ಸುಮ್ಮನಾದೆ ತಾಯಿ."

"ಈಗಲೇ ತೆಗೆದುಬಿಡಿ ಮತ್ತೆ" ಅಂದಳು ಅವಳು.

"ಮೇಡಂ ಬರೆದುಕೊಡದೆ ಅಚ್ಚು ನಿಲ್ಲಿಸೋ ಹಾಗಿಲ್ಲ. ನಾಳೆ ಕಂಪನಿಯವರು ಒಪ್ಪಿದ್ರೆ ಬರೆದುಕೊಡ್ತಾರೆ" ಅಂದ ಮೇಸ್ತ್ರಿ.

ಶನಿವಾರ ಕಂಪನಿಯಿಂದ ಬಂದವರು ಇಬ್ಬರು. ಹಿರಿಯಾಕೆ ಬೆಳ್ಳಿ ಚೌಕಟ್ಟಿನ ಕನ್ನಡಕದವರು, ಮಾತು ಅಳೆದು ತೂಗಿದ ಹಾಗೆ. ಜೊತೆಗಿದ್ದವನು ಒಂದು ಬಟ್ಟೆಯ ಚೀಲ ಹೊತ್ತಿದ್ದ. ಇಂಜಿನಿಯರ್ ತನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಗುಡ್ಡಗಳನ್ನು ತೋರಿಸಿದ. ಹಿರಿಯಾಕೆ ಕೇಳಿಸಿಕೊಂಡರು.

"ಮೊನ್ನೆ ಇವೇ ಅಂಕಿ ಸುಳ್ಳಿರಬಹುದು ಅಂತ ಫೋನಲ್ಲಿ ಹೇಳಿದ್ರಿ. ಇವತ್ತು ನಿಜ ಅಂತೀರಿ. ಖಾನೆ ಬದಲಾಯಿಸಿದ್ರೆ ಚಿತ್ರ ಬದಲಾಗುತ್ತೆ ಅಂತಾದ್ರೆ ನಾನು ಯಾವ ಚಿತ್ರ ನಂಬಲಿ?"

ಗೋಡೆಯ ಪಕ್ಕದ ಕುರ್ಚಿಯಿಂದ ಕೂದಲೆಳೆ ಅಕ್ಕ ಎದ್ದು ನಿಂತಳು.

"ಚಿತ್ರ ನಂಬಬೇಡಿ ಮೇಡಂ. ಆ ಚೀಲದಲ್ಲಿ ಮುಚ್ಚಳ ಸಿಕ್ಕಿಕೊಂಡ ಸೀಸೆ ಇವೆಯಾ?"

"ಇವೆ. ಇಪ್ಪತ್ತನಾಲ್ಕು."

"ನಾನು ಮುಟ್ಟಲ್ಲ. ನೀವೇ ಒಂದೊಂದಾಗಿ ತೆಗೆದು ತಳ ನೋಡಿ. ಎಲ್ಲದರಲ್ಲೂ ಏಳು ಅಂತ ಇರುತ್ತೆ. ಬೇರೆ ಸಂಖ್ಯೆ ಒಂದೇ ಒಂದು ಬಂದ್ರೂ ನನ್ನ ಪುಸ್ತಕ ಸುಳ್ಳು ಅಂತ ಬರ್ಕೊಳ್ಳಿ."

ಇಂಜಿನಿಯರ್ ಕಣ್ಣು ಮುಚ್ಚಿಕೊಂಡ. ಮ್ಯಾನೇಜರ್ ಮೇಡಂ ಪೆನ್ನು ಕೆಳಗಿಟ್ಟರು. ಹಿರಿಯಾಕೆ ಚೀಲಕ್ಕೆ ಕೈಹಾಕಿ ಮೊದಲ ಸೀಸೆ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ತಳವನ್ನು ಬೆಳಕಿಗೆ ಹಿಡಿದರು.

"ಏಳು."

ಎರಡನೆಯದು. "ಏಳು." ಮೂರನೆಯದು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಜೊತೆಗಿದ್ದವನೂ ತೆಗೆಯತೊಡಗಿದ್ದ. ಸೀಸೆಗಳು ಮೇಜಿನ ಮೇಲೆ ತಲೆಕೆಳಗಾಗಿ ಸಾಲುಗಟ್ಟಿದವು. ಹದಿನೇಳನೆಯದರ ತಳ ಮಸುಕಾಗಿತ್ತು. ಹಿರಿಯಾಕೆ ಹೆಬ್ಬೆರಳಿನಿಂದ ಉಜ್ಜಿದರು, ಮತ್ತೆ ಉಜ್ಜಿದರು. ಅಕ್ಕನ ಉಸಿರು ಅಳತೆಗೆ ನಿಂತ ಹಾಗೆ ನಿಂತಿತು.

"ಇದೂ ಏಳೇ" ಅಂದರು.

ಇಪ್ಪತ್ತನಾಲ್ಕೂ ಮುಗಿದಾಗ ಅವರು ಚೀಲವನ್ನು ಕೊಡವಿ ತೋರಿಸಿದರು, ಖಾಲಿ. ಆಮೇಲೆ ಅವಳ ಕಡೆ ತಿರುಗಿದರು. "ಅಚ್ಚಿನ ಸಂಖ್ಯೆ ಬರೆಯೋಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಮೇಡಂ. ಕಾಣ್ತಿತ್ತು."

ಹಿರಿಯಾಕೆಯ ಮುಖದಲ್ಲಿ ಮೊದಲ ಬಾರಿ ನಗು ಮೂಡಿತು. ಮ್ಯಾನೇಜರ್ ಮೇಡಂ ಎದುರಿಗಿದ್ದ 'ಸುಳ್ಳು ಅಳತೆ'ಯ ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಹೊಸದೊಂದರಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿ, ಅದನ್ನು ಇಂಜಿನಿಯರನಿಗೆ ಕೊಡಲಿಲ್ಲ, ಅವಳಿಗೇ ಕೊಟ್ಟರು. "ನೀವೇ ಹೋಗಿ ನಿಲ್ಲಿಸಿ. ಇನ್ಮೇಲೆ ಯಾವ ಅಚ್ಚು ತೆಗೀಬೇಕಾದ್ರೂ ನಿಮ್ಮ ಚೀಟಿ ಸಾಕು. ನನ್ನ ಸಹಿ ಕಾಯಬೇಡಿ."

ಅಂಗಳದಲ್ಲಿ ಯಂತ್ರ ಎಂದಿನ ಹಾಗೆ ಮೊರೆಯುತ್ತಿತ್ತು. ಕೆಂಪಗಿನ ಗಾಜಿನ ಹನಿಗಳು ಒಂದರ ಹಿಂದೊಂದು ಅಚ್ಚುಗಳಿಗೆ ಇಳಿಯುತ್ತಿದ್ದವು. ಅವಳು ಕಿಟಕಿಯ ಈಚೆಗೆ, ಕಾವಿನೊಳಕ್ಕೆ ನಡೆದು ಬಂದು ಮೇಸ್ತ್ರಿಗೆ ಹಾಳೆ ಕೊಟ್ಟಳು. ಅವನು ಓದಿದ. ಮಡಿಸಿ ಜೇಬಿಗಿಟ್ಟುಕೊಂಡ. ಏಳನೇ ಅಚ್ಚಿನ ಸನ್ನೆಕೋಲಿನ ಬಳಿ ಹೋಗಿ, ಹಿಡಿಯ ಮೇಲೆ ಕೈಯಿಟ್ಟು ಅವಳತ್ತ ನೋಡಿದ, ಅಪ್ಪಣೆ ಕಾಯುವವನ ಹಾಗೆ.

"ನಿಲ್ಲಿಸಿ ಮೇಸ್ತ್ರಿ" ಅಂದಳು.

ಹಿಡಿ ಕೆಳಗಿಳಿಯಿತು. ಏಳನೇ ಅಚ್ಚು ಬಾಯ್ತೆರೆದಂತೆಯೇ ನಿಂತಿತು, ಅದರ ಪಾಲಿನ ಹನಿ ಪಕ್ಕದಲ್ಲಿ ರದ್ದಿ ಗಾಜು ಹರಿದುಹೋಗುವ ದೋಣಿಗೆ ಜಾರಿತು. ಉಳಿದ ಏಳು ಅಚ್ಚುಗಳು ತಮ್ಮ ಪಾಡಿಗೆ ತಾವು ದುಡಿಯುತ್ತಲೇ ಇದ್ದವು.